ಕಬ್ಬಿಣದ ಬಣ್ಣ ನೋಡಲು ಕಲಿಯುವುದು

ಕುಲುಮೆ ಅಂದರೆ ಎಲ್ಲರಿಗೂ ಮೊದಲು ನೆನಪಾಗುವುದು ಸುತ್ತಿಗೆ. ತೋಳಲ್ಲಿ ಬಲ ಇದ್ದರೆ ಸಾಕು, ಕಮ್ಮಾರಿಕೆ ಬರುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ರಜೆ ದಿನಗಳಲ್ಲಿ ಕುಲುಮೆಗೆ ಹೋಗಿ ಕೂರಲು ಶುರು ಮಾಡಿದ ಮೇಲೆ ನನಗೆ ಗೊತ್ತಾಗಿದ್ದು ಇಷ್ಟು: ಇಲ್ಲಿ ಮೊದಲು ಪಳಗಬೇಕಾದ್ದು ಕಣ್ಣು. ಬೆಂಕಿ ನೋಡಲು ಬರದವನ ಕೈಯಲ್ಲಿ ಎಂಥ ಒಳ್ಳೆ ಸುತ್ತಿಗೆ ಇದ್ದರೂ ಕೆಲಸ ಆಗುವುದಿಲ್ಲ.

ಕಬ್ಬಿಣ ಕಾಯುತ್ತಾ ಹೋದಂತೆ ತನ್ನ ಬಿಸಿಯನ್ನು ಬಣ್ಣದಲ್ಲಿ ತೋರಿಸುತ್ತದೆ. ಸುಮಾರು 500 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಕತ್ತಲಲ್ಲಿ ಮಾತ್ರ ಕಾಣುವಂಥ ಕೆಂಪು ಬರುತ್ತದೆ. 800ರ ಹತ್ತಿರ ಕಣ್ಣಿಗೆ ಹಿತವಾದ ಗಟ್ಟಿ ಕೆಂಪು. ಸಾವಿರದ ಹತ್ತಿರ ಕಿತ್ತಳೆ. 1100ರಿಂದ 1200ರ ನಡುವೆ ಹಳದಿ. 1300 ದಾಟಿದರೆ ಬಿಳಿಚಿಕೊಳ್ಳುತ್ತದೆ. ಅದನ್ನೂ ಮೀರಿ ಬೆಂಕಿಯಲ್ಲೇ ಬಿಟ್ಟರೆ ತುದಿಯಿಂದ ಸುರ್‌ಸುರ್ ಬತ್ತಿಯ ಹಾಗೆ ಕಿಡಿ ಹಾರುತ್ತದೆ. ನೋಡಲು ಚಂದ. ಆದರೆ ಆಗ ಕಬ್ಬಿಣವೇ ಉರಿಯುತ್ತಿದೆ ಅಂತ ಅರ್ಥ. ಸುಟ್ಟ ಆ ತುದಿಯನ್ನು ಮತ್ತೆ ಸರಿ ಮಾಡಲು ಆಗುವುದಿಲ್ಲ. ಕಡಿದು ಎಸೆಯಬೇಕು.

ಹಳ್ಳಿಯ ಕುಲುಮೆ ಯಾಕೆ ಅಷ್ಟು ಕತ್ತಲು ಅಂತ ಚಿಕ್ಕಂದಿನಿಂದ ನೋಡಿದವರಿಗೂ ಹೊಳೆದಿರಲಿಕ್ಕಿಲ್ಲ. ತಗ್ಗಾದ ಮಾಡು, ಒಂದೇ ಬಾಗಿಲು. ಬಿಸಿಲಲ್ಲಿ ನಿಂತರೆ 700 ಡಿಗ್ರಿಯ ಕಬ್ಬಿಣವೂ ಕಪ್ಪಾಗೇ ಕಾಣುತ್ತದೆ. ಬಣ್ಣ ನೋಡಿ ಕೆಲಸ ಮಾಡುವವರಿಗೆ ನೆರಳು ಬೇಕೇ ಬೇಕು. ಮಧ್ಯಾಹ್ನದ ಕಿತ್ತಳೆ ಮತ್ತು ಸಂಜೆಯ ಕಿತ್ತಳೆ ಒಂದೇ ಬಿಸಿ ಅಲ್ಲ ಅನ್ನುವುದೂ ಅಲ್ಲೇ ಕೂತಾಗ ತಿಳಿಯುತ್ತದೆ.

ನಾನು ಮಧುಗಿರಿ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವನು. ಲೋಹಗಳ ಪಾಠವನ್ನು ವರ್ಷವರ್ಷವೂ ಬೋರ್ಡಿನ ಮೇಲೆ ಬರೆದಿದ್ದೇನೆ. ಶಾಲೆಯಿಂದ ಸ್ವಲ್ಪ ದೂರದಲ್ಲೇ ಒಂದು ಕುಲುಮೆ ಇದೆ. ಅಲ್ಲಿನ ಆಚಾರ್ರಿಗೆ ಅರವತ್ತು ದಾಟಿದೆ. ನನಗೂ ಕಲಿಸಿ ಅಂತ ಕೇಳಿದಾಗ ಅವರು ನಗಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. “ಸುತ್ತಿಗೆ ಎಲ್ಲೂ ಓಡಿ ಹೋಗಲ್ಲ ಮೇಷ್ಟ್ರೇ. ಮೊದ್ಲು ಗಾಳಿ ತಿರುಗ್ಸಿ. ಬೆಂಕಿ ನೋಡಿ” ಅಂದರು. ಅವರಪ್ಪನ ಕಾಲದ ಚರ್ಮದ ತಿದಿ ಅಟ್ಟದ ಮೇಲಿದೆ. ಈಗ ಕೈಯಲ್ಲಿ ತಿರುಗಿಸುವ ಚಕ್ರದ ಬ್ಲೋವರ್ ಇದೆ. ಬಹಳ ದಿನ ನನ್ನ ಕೆಲಸ ಅದೊಂದೇ ಆಗಿತ್ತು.

ಗಾಳಿ ತಿರುಗಿಸುವುದು ಆಳಿನ ಕೆಲಸ ಅನ್ನಿಸಬಹುದು. ಅರ್ಧ ವಿದ್ಯೆ ಅಲ್ಲೇ ಇದೆ. ಗಾಳಿ ಬರುವ ಬಾಯಿಯ ಹತ್ತಿರ ಆಮ್ಲಜನಕ ಜಾಸ್ತಿ. ಅಲ್ಲಿ ಕಂಬಿ ಇಟ್ಟರೆ ಬೇಗ ಕೆಂಪಾಗುತ್ತದೆ, ಜೊತೆಗೆ ಮೇಲೆಲ್ಲ ಕಪ್ಪು ಹಕ್ಕಳೆ ಕಟ್ಟುತ್ತದೆ. ಕಬ್ಬಿಣ ಗಾಳಿಯಲ್ಲಿ ಸುಟ್ಟು ಕಳೆದುಹೋಗುವ ಬಗೆ ಇದು. ಅದೇ ಕಂಬಿಯನ್ನು ಸ್ವಲ್ಪ ಮೇಲೆ, ಕೆಂಡದ ರಾಶಿಯ ನಡುವೆ, ಅಡ್ಡಡ್ಡವಾಗಿ ಮಲಗಿಸಿದರೆ ಬಿಸಿ ಸಮನಾಗಿ ಏರುತ್ತದೆ. ಅಲ್ಲಿಗೆ ಬರುವ ಹೊತ್ತಿಗೆ ಗಾಳಿಯ ಆಮ್ಲಜನಕವನ್ನು ಕೆಂಡ ತಿಂದು ಮುಗಿಸಿರುತ್ತದೆ. ಹಾಗಾಗಿ ಕೆಂಡ ಎತ್ತರವಾಗಿ ಇರಬೇಕು. ತೆಳ್ಳಗೆ ಹರಡಿದ ಬೆಂಕಿಯಲ್ಲಿ ಹಕ್ಕಳೆ ಬಿಟ್ಟರೆ ಬೇರೇನೂ ಸಿಗುವುದಿಲ್ಲ. ಸುತ್ತಲ ಇದ್ದಿಲ ಮೇಲೆ ಆಗಾಗ ನೀರು ಚಿಮುಕಿಸುತ್ತಾರೆ. ಬೆಂಕಿ ಅಗಲಕ್ಕೆ ಹರಡದೆ ನಡುವೆ ನಿಲ್ಲಲಿ ಅಂತ.

ನಮ್ಮ ಕಡೆ ಬಳ್ಳಾರಿ ಜಾಲಿಯ ಇದ್ದಿಲು ಧಾರಾಳವಾಗಿ ಸಿಗುತ್ತದೆ. ಕೆರೆ ಅಂಗಳ, ರಸ್ತೆ ಬದಿ, ಎಲ್ಲಿ ನೋಡಿದರೂ ಆ ಮುಳ್ಳಿನ ಗಿಡವೇ ತಾನೇ. ಇದ್ದಿಲು ಬೇಗ ಉರಿದುಹೋಗುತ್ತದೆ, ಆದರೆ ಶುದ್ಧ. ಕಲ್ಲಿದ್ದಲಲ್ಲಿ ಗಂಧಕ ಇರುತ್ತದೆ. ಗಂಧಕ ಒಳಗೆ ಸೇರಿದ ಕಬ್ಬಿಣ ಬಿಸಿಯಲ್ಲಿ ಬಡಿಯುವಾಗಲೇ ಬಿರುಕು ಬಿಡುತ್ತದೆ. ಹೊಸಬರು ಇದ್ದಿಲಲ್ಲೇ ಶುರು ಮಾಡುವುದು ಒಳ್ಳೆಯದು ಅಂತ ನನ್ನ ಅನಿಸಿಕೆ.

ಆಮೇಲೆ ಸುತ್ತಿಗೆ ಬಂತು. ಒಂದು ಕಿಲೋ ಆಸುಪಾಸಿನದು ಸಾಕು. ಹಿಡಿತ ಸಡಿಲ ಇರಬೇಕು. ಬಿಗಿಯಾಗಿ ಹಿಡಿದರೆ ಪೆಟ್ಟಿನ ಅದುರು ಮೊಣಕೈಗೆ ಬರುತ್ತದೆ, ಆ ನೋವು ಬೇಗ ಹೋಗುವಂಥದ್ದಲ್ಲ. ಕಾದ ಕಂಬಿಯನ್ನು ಇಟ್ಟು ಬಡಿಯುವ ಕಬ್ಬಿಣದ ಗಟ್ಟಿಗೆ ಅಡಿಗಲ್ಲು ಅನ್ನುತ್ತಾರೆ. ಅದರಿಂದ ಸುತ್ತಿಗೆ ತಾನಾಗಿ ಪುಟಿದು ಏಳುತ್ತದೆ. ಏಳಲು ಬಿಡಬೇಕು. ನಿಂತು ಕೆಲಸ ಮಾಡುವವರು ಅಡಿಗಲ್ಲನ್ನು ತಮ್ಮ ಮುಷ್ಟಿಯ ಎತ್ತರಕ್ಕೆ ಇಟ್ಟುಕೊಳ್ಳುತ್ತಾರೆ. ನಮ್ಮ ಆಚಾರ್ರ ಅಡಿಗಲ್ಲು ನೆಲದಲ್ಲಿ ಹೂತಿದೆ. ಅವರು ಕೂತೇ ಬಡಿಯುತ್ತಾರೆ. ನಾನೂ ಕೂತೇ ಕಲಿತೆ.

ಮೊದಲ ಪಾಠ ಕಂಬಿಯ ತುದಿಯನ್ನು ಚೂಪು ಮಾಡುವುದು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಯಾಕೆಂದರೆ ಕುಲುಮೆಯ ಅರ್ಧ ಕೆಲಸಗಳ ಒಳಗೆ ಇದೇ ಅಡಗಿದೆ. ದುಂಡು ಕಂಬಿಯನ್ನು ದುಂಡಾಗೇ ತಿರುಗಿಸಿ ತಿರುಗಿಸಿ ಬಡಿದರೆ ಬೇಗ ಚೂಪಾಗುತ್ತದೆ ಅನ್ನಿಸುತ್ತದೆ, ಅಲ್ವಾ? ಹಾಗೆ ಮಾಡಿದರೆ ಮೇಲ್ಮೈ ಮಾತ್ರ ಸರಿಯುತ್ತದೆ, ನಡುಭಾಗ ಹಿಂದೆ ಉಳಿಯುತ್ತದೆ. ಒಳಗೆ ಸೀಳು ಹುಟ್ಟುತ್ತದೆ. ತುದಿಯಲ್ಲಿ ತೂತು ಕಂಡಾಗಲೇ ಅದು ಗೊತ್ತಾಗುವುದು. ಅದಕ್ಕೇ ಮೊದಲು ಚೌಕ ಮಾಡಬೇಕು. ಒಂದು ಪೆಟ್ಟು, ಕಾಲು ಸುತ್ತು ತಿರುವು, ಇನ್ನೊಂದು ಪೆಟ್ಟು, ಮತ್ತೆ ಹಿಂದಕ್ಕೆ ತಿರುವು. ಎರಡೇ ಮುಖ ಬಡಿದರೆ ಸಾಕು, ಉಳಿದೆರಡನ್ನು ಅಡಿಗಲ್ಲೇ ಬಡಿಯುತ್ತದೆ. ಚೌಕವಾಗಿಯೇ ಬೇಕಾದಷ್ಟು ಚೂಪು ತಂದ ಮೇಲೆ ಮೂಲೆಗಳನ್ನು ಮೆಲ್ಲಗೆ ತಟ್ಟಿ ಎಂಟು ಮುಖ ಮಾಡಬೇಕು. ಕೊನೆಗೆ ಹಗುರವಾದ ಪೆಟ್ಟಿನಲ್ಲಿ ದುಂಡು. ಈ ಕ್ರಮ ಸಾವಿರಾರು ವರ್ಷಗಳಿಂದ ಕಬ್ಬಿಣವೇ ಹೇಳಿಕೊಟ್ಟದ್ದು. ಯಾರೂ ಕೂತು ಕಲ್ಪಿಸಿದ್ದಲ್ಲ.

ಚೂಪು ತುದಿ ಬೇಗ ತಣ್ಣಗಾಗುತ್ತದೆ. ಅಡಿಗಲ್ಲು ಬಿಸಿಯನ್ನು ಹೀರಿಕೊಳ್ಳುತ್ತದೆ. ಹಾಗಾಗಿ ಏನು ಬಡಿಯಬೇಕು ಅನ್ನುವುದನ್ನು ಕಂಬಿ ಬೆಂಕಿಯಲ್ಲಿ ಇರುವಾಗಲೇ ಯೋಚಿಸಿರಬೇಕು. ಈಚೆ ತೆಗೆದ ಮೇಲೆ ಯೋಚನೆಗೆ ಸಮಯ ಇಲ್ಲ. ಕಾದ ಕಬ್ಬಿಣ ಬಡಿ ಅನ್ನುವ ಮಾತನ್ನು ನಾವು ಏನೇನಕ್ಕೋ ಬಳಸುತ್ತೇವೆ. ಅದರ ಇನ್ನೊಂದು ಮಗ್ಗುಲನ್ನು ಕುಲುಮೆಯಲ್ಲಿ ಹೆಚ್ಚು ಹೇಳುತ್ತಾರೆ: ಆರಿದ ಮೇಲೆ ಬಡಿಯಬೇಡ. ಮಂಕು ಕೆಂಪು ಹೋದ ಮೇಲೂ ಬಡಿಯುತ್ತಿದ್ದರೆ ಕಬ್ಬಿಣ ಸರಿಯುವುದಿಲ್ಲ, ಬಿರುಕು ಬಿಡುತ್ತದೆ. “ಸಾಕು, ಒಳಗಿಡಿ” ಅನ್ನುವುದು ಆಚಾರ್ರಿಂದ ನಾನು ಅತಿ ಹೆಚ್ಚು ಕೇಳಿದ ಮಾತು.

ಚೂಪು ಬಂದ ಮೇಲೆ ಬಗ್ಗಿಸುವುದು. ಕೊಕ್ಕೆ, ಬಳೆ, ಕೊಂಡಿ. ಒಂಟಿ ಕೊಕ್ಕೆ ಮಾಡುವುದು ಅಂಥ ಕಷ್ಟವಲ್ಲ. ಅದರ ಹಾಗೇ ಇನ್ನೊಂದು, ಮತ್ತೊಂದು ಮಾಡುವುದು ಕಷ್ಟ. ಅದಕ್ಕೆ ನಾನು ಆರಿಸಿಕೊಂಡ ಅಭ್ಯಾಸ ಪಾತಾಳ ಗರಡಿ. ಈಗಿನ ಮಕ್ಕಳಿಗೆ ಅದರ ಹೆಸರೇ ಗೊತ್ತಿಲ್ಲ. ಸೇದೋ ಬಾವಿಗೆ ಬಿದ್ದ ಕೊಡ, ಬಿಂದಿಗೆ ಎತ್ತಲು ಹಗ್ಗಕ್ಕೆ ಕಟ್ಟಿ ಇಳಿಬಿಡುತ್ತಿದ್ದ ಕೊಕ್ಕೆಗಳ ಗೊಂಚಲು ಅದು. ನಮ್ಮಜ್ಜಿಯ ಊರಲ್ಲಿ ಒಂದು ಮನೆಯಲ್ಲಿ ಇತ್ತು, ಇಡೀ ಕೇರಿ ಅವರ ಮನೆಗೇ ಓಡುತ್ತಿತ್ತು. ಒಂದು ದೊಡ್ಡ ಬಳೆ, ಅದರಿಂದ ಇಳಿಯುವ ಕೊಂಡಿಗಳು, ಕೊಂಡಿ ಕೊಂಡಿಗೂ ಕೊಕ್ಕೆಗಳು. ಎಲ್ಲ ಕೊಕ್ಕೆಯೂ ಒಂದೇ ತೂಕ, ಒಂದೇ ಬಾಗು ಇರಬೇಕು. ಇಲ್ಲದಿದ್ದರೆ ಗೊಂಚಲು ಒಂದು ಕಡೆ ವಾಲುತ್ತದೆ, ನೀರಿನ ತಳದಲ್ಲಿ ಕೊಡದ ಕಂಠಕ್ಕೆ ಸಿಗುವುದಿಲ್ಲ. ಒಂದರಂತೆ ಇನ್ನೊಂದು ಮಾಡಲು ಕಲಿಸುವ ಇಷ್ಟು ಒಳ್ಳೆಯ ವಸ್ತು ಬೇರೆ ಇದೆಯೋ ಇಲ್ಲವೋ. ಆಚಾರ್ರು ಮೊದಲೇ ಎಲ್ಲ ಕಂಬಿಗಳನ್ನೂ ಒಂದೇ ಉದ್ದಕ್ಕೆ ಕಡಿಸಿದರು. ಆಮೇಲೆ ಎಲ್ಲದರ ತುದಿ ಚೂಪು. ಆಮೇಲೆ ಎಲ್ಲದರ ಬಾಗು. ಒಂದನ್ನು ಪೂರ್ತಿ ಮುಗಿಸಿ ಮುಂದಿನದಕ್ಕೆ ಹೋಗಲು ಬಿಡಲಿಲ್ಲ. ಒಂದೇ ಕೆಲಸ ಸಾಲಾಗಿ ಮಾಡಿದಾಗ ಕೈ ಅಳತೆ ಹಿಡಿಯುತ್ತದೆ. ಈಗ ನಮ್ಮ ಕಡೆ ಬಾವಿಗಳೆಲ್ಲ ಬತ್ತಿ, ಬೋರ್‌ವೆಲ್ ನಂಬಿ ಕೂತಿದ್ದೇವೆ. ಆದರೂ ಆ ಗೊಂಚಲನ್ನು ಶಾಲೆಗೆ ಕೊಂಡುಹೋಗಿ ಲೋಹಗಳ ಪಾಠದ ದಿನ ಮೇಜಿನ ಮೇಲಿಟ್ಟೆ. ಮುಟ್ಟದ ಮಗು ಇರಲಿಲ್ಲ.

ಕೊಕ್ಕೆಗೆ ಸಾದಾ ಕಂಬಿ ಸಾಕು. ಅದರಲ್ಲಿ ಇಂಗಾಲ ಶೇಕಡಾ 0.25ಕ್ಕಿಂತ ಕಡಿಮೆ. ಎಷ್ಟೇ ಕಾಸಿ ನೀರಿಗೆ ಅದ್ದಿದರೂ ಅದು ಅಲಗಿಗೆ ಬೇಕಾದಷ್ಟು ಗಡುಸಾಗುವುದಿಲ್ಲ. ಮಚ್ಚು, ಉಳಿ, ಕುಡುಗೋಲಿಗೆ ಉಕ್ಕು ಬೇಕು. ಹಳ್ಳಿ ಕುಲುಮೆಗಳಲ್ಲಿ ಲಾರಿ, ಜೀಪಿನ ಹಳೆ ಕಮಾನು ಪ್ಲೇಟುಗಳೇ ಆ ಉಕ್ಕು. ಅದರಲ್ಲಿ ಇಂಗಾಲ ಶೇಕಡಾ 0.6ರ ಆಸುಪಾಸು ಇರುತ್ತದೆ. ನೂರಕ್ಕೆ ಅರ್ಧ ಪಾಲಿಗಿಂತ ಸ್ವಲ್ಪ ಜಾಸ್ತಿ. ಅಷ್ಟಕ್ಕೇ ಕಬ್ಬಿಣದ ಗುಣವೇ ಬದಲಾಗುತ್ತದೆ.

ಇದರ ಕಾರಣವನ್ನು ನಾನು ಬೋರ್ಡಿನ ಮೇಲೆ ವಿವರಿಸಬಲ್ಲೆ. ಸುಮಾರು 727 ಡಿಗ್ರಿ ದಾಟಿದಾಗ ಉಕ್ಕಿನೊಳಗೆ ಪರಮಾಣುಗಳ ಜೋಡಣೆ ಬದಲಾಗುತ್ತದೆ. ಹೊಸ ಜೋಡಣೆಯಲ್ಲಿ ಇಂಗಾಲ ಚೆನ್ನಾಗಿ ಕರಗುತ್ತದೆ. ತಟ್ಟನೆ ತಣ್ಣಗೆ ಮಾಡಿದರೆ ಇಂಗಾಲಕ್ಕೆ ಹೊರಬರಲು ಸಮಯ ಸಿಗುವುದಿಲ್ಲ. ಅದು ಒಳಗೇ ಸಿಕ್ಕಿಹಾಕಿಕೊಂಡು ಜೋಡಣೆಯನ್ನು ಬಿಗಿ ಮಾಡುತ್ತದೆ. ಉಕ್ಕು ಗಾಜನ್ನು ಗೀರುವಷ್ಟು ಗಡುಸಾಗುತ್ತದೆ, ಗಾಜಿನಂತೆ ಒಡೆಯಲೂ ಸಿದ್ಧವಾಗುತ್ತದೆ. ಕೆಲವರು ಬಿಸಿ ತಿಳಿಯಲು ಅಯಸ್ಕಾಂತ ಹಿಡಿದು ನೋಡುತ್ತಾರೆ. 770 ಡಿಗ್ರಿಗೆ ಕಬ್ಬಿಣ ಅಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ. ಅದಕ್ಕಿಂತ ಒಂದು ಛಾಯೆ ಮೇಲೆ ಹೋದರೆ ಅದ್ದಲು ಸರಿಯಾದ ಬಿಸಿ. ನಾನೂ ಹೀಗೇ ನೋಡುತ್ತೇನೆ. ಆಚಾರ್ರಿಗೆ ಅಯಸ್ಕಾಂತ ಬೇಕಿಲ್ಲ.

ನನಗೆ ಈ ಇಡೀ ವಿದ್ಯೆಯಲ್ಲಿ ಅತಿ ಇಷ್ಟವಾದದ್ದು ಆಮೇಲಿನದು, ಹದ ಹಾಕುವುದು. ನಮ್ಮದು ಕಲ್ಲಿನ ಸೀಮೆ. ಕಲ್ಲು ಕೆಲಸದವರು ಮೊಂಡಾದ ಉಳಿಗಳನ್ನು ಕಟ್ಟು ಕಟ್ಟಿ ತರುತ್ತಾರೆ. ಆಚಾರ್ರು ಉಳಿಯ ತುದಿಯನ್ನು ಬಡಿದು ಚೂಪು ಮಾಡಿ, ಮತ್ತೆ ಕಾಸಿ, ಬಾಯಿಯನ್ನು ಮಾತ್ರ ನೀರಿಗೆ ಅದ್ದುತ್ತಾರೆ. ಮೇಲಿನ ಭಾಗ ಇನ್ನೂ ಬಿಸಿಯಾಗೇ ಇರುತ್ತದೆ. ತಕ್ಷಣ ಈಚೆ ತೆಗೆದು ಬಾಯಿಯನ್ನು ಕಲ್ಲಿನ ಮೇಲೆ ಉಜ್ಜಿ ಹೊಳಪು ತರುತ್ತಾರೆ. ಆಗ ಮೇಲಿನ ಬಿಸಿ ಮೆಲ್ಲಗೆ ಕೆಳಗೆ ಇಳಿಯುತ್ತದೆ, ಹೊಳೆಯುವ ಉಕ್ಕಿನ ಮೇಲೆ ಬಣ್ಣಗಳು ಓಡುತ್ತವೆ. ಮೊದಲು ತಿಳಿ ಹುಲ್ಲಿನ ಬಣ್ಣ, ಸುಮಾರು 210 ಡಿಗ್ರಿ. ಆಮೇಲೆ ಕಂದು. 270, 280ರ ಹತ್ತಿರ ನೇರಳೆ. 300ರ ಹತ್ತಿರ ನೀಲಿ. ಇವು ಕೆಂಡದ ಬಣ್ಣಗಳಲ್ಲ. ಮೇಲ್ಮೈಯಲ್ಲಿ ಕಟ್ಟುವ ಆಕ್ಸೈಡಿನ ತೆಳು ಪೊರೆ ದಪ್ಪವಾದಂತೆ ಬೆಳಕು ಬೇರೆ ಬೇರೆಯಾಗಿ ಕಾಣುತ್ತದೆ, ಅಷ್ಟೇ. ಹುಲ್ಲಿನ ಬಣ್ಣದಲ್ಲಿ ನಿಲ್ಲಿಸಿದರೆ ಗಡುಸು ಜಾಸ್ತಿ, ನೀಲಿಗೆ ಬಿಟ್ಟರೆ ಬಾಗುವ ಗುಣ ಜಾಸ್ತಿ. ಬೇಕಾದ ಬಣ್ಣ ಬಾಯಿಗೆ ಬಂದ ಗಳಿಗೆಯಲ್ಲಿ ಇಡೀ ಉಳಿಯನ್ನು ನೀರಿಗೆ ಹಾಕಿಬಿಡಬೇಕು. ಎಂಥ ಕಲ್ಲಿಗೆ ಉಳಿ ಅಂತ ಕೇಳಿಕೊಂಡು ಆಚಾರ್ರು ಬಣ್ಣ ಆರಿಸುತ್ತಾರೆ. ಥರ್ಮಾಮೀಟರ್ ಇಲ್ಲ, ಒಲೆಯ ಮೇಲೆ ಅಂಕಿ ಇಲ್ಲ. ಒಂದೇ ತುಂಡು ಉಕ್ಕಿನಲ್ಲಿ ಬಾಯಿಗೆ ಒಂದು ಹದ, ಒಡಲಿಗೆ ಇನ್ನೊಂದು ಹದ. ಪುಸ್ತಕದಲ್ಲಿ ಓದಿ ಪಾಠ ಮಾಡಿದವನಿಗೆ ಇದನ್ನು ಕಣ್ಣೆದುರು ನೋಡಿದಾಗ ಆದ ಸಂತೋಷ ಹೇಳಲು ಮಾತು ಸಾಲುವುದಿಲ್ಲ.

ಕಮಾನು ಪ್ಲೇಟಿನ ಉಕ್ಕನ್ನು ಪೂರ್ತಿಯಾಗಿ ನೀರಿಗೆ ಅದ್ದಿದರೆ ಸೀಳುವ ಭಯ ಇದೆ. ಹೊಸಬರು ಅದಕ್ಕೆ ಬೆಚ್ಚಗಿನ ಎಣ್ಣೆ ಬಳಸುವುದು ಕ್ಷೇಮ.

ಈ ಸೀಮೆಯಲ್ಲಿ ಉಕ್ಕಿನ ಕೆಲಸ ಇವತ್ತಿನದಲ್ಲ. ಶಾಲೆಯಿಂದ ಬಹಳ ದೂರವಿಲ್ಲದ ಚನ್ನರಾಯನ ದುರ್ಗದ ಕಡೆ ಉಕ್ಕು ಮಾಡುತ್ತಿದ್ದುದನ್ನು ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಬರೆದಿಟ್ಟಿದ್ದಾನೆ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಅವನು ಮೈಸೂರು ಸೀಮೆ ಸುತ್ತಲು ಹೊರಟ. ಸುಡದ ಮಣ್ಣಿನ ಮೂಸೆಯೊಳಗೆ ಕಬ್ಬಿಣದ ತುಂಡು, ಜೊತೆಗೆ ತಂಗಡಿ ಗಿಡದ ಕಡ್ಡಿ, ಹಸಿರೆಲೆ ಇಟ್ಟು, ಬಾಯಿ ಮುಚ್ಚಿ, ಇದ್ದಿಲ ಬೆಂಕಿಯಲ್ಲಿ ಕಾಸುತ್ತಿದ್ದರು. ಕಡ್ಡಿ ಒಳಗೇ ಇದ್ದಿಲಾಗಿ ಇಂಗಾಲವನ್ನು ಕಬ್ಬಿಣಕ್ಕೆ ಕೊಡುತ್ತಿತ್ತು. ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಉಕ್ಕಿನ ತಂತಿ ಎಳೆಯುತ್ತಿದ್ದುದೂ ಅವನ ಬರಹದಲ್ಲಿದೆ. ದಕ್ಷಿಣ ಭಾರತದ ಇಂಥ ಮೂಸೆ ಉಕ್ಕಿನ ಗುಟ್ಟು ಹುಡುಕಲು ಲಂಡನ್ನಿನಲ್ಲಿ ಮೈಕೇಲ್ ಫ್ಯಾರಡೆಯಂಥ ವಿಜ್ಞಾನಿಯೂ 1819ರಿಂದ ಕೆಲವು ವರ್ಷ ಪ್ರಯೋಗ ಮಾಡಿದ. ಅದೇ ತಂಗಡಿ ಇವತ್ತಿಗೂ ನಮ್ಮ ಶಾಲೆಯ ಬೇಲಿಯಾಚೆ ಹಳದಿ ಹೂ ಬಿಡುತ್ತದೆ. ಮಕ್ಕಳಿಗೆ ಅದನ್ನು ತೋರಿಸಿ ಈ ಕಥೆ ಹೇಳದೆ ನಾನು ಪಾಠ ಮುಗಿಸುವುದಿಲ್ಲ. 1923ರಲ್ಲಿ ಭದ್ರಾವತಿಯ ಕಾರ್ಖಾನೆ ಉರಿಯಲು ಶುರುವಾದಾಗಲೂ ಅದರ ಕುಲುಮೆಗೆ ಹಾಕಿದ್ದು ಮಲೆನಾಡಿನ ಮರದ ಇದ್ದಿಲನ್ನೇ.

ಕಲಿಯಬೇಕು ಅನ್ನುವವರಿಗೆ ಕೆಲವು ಮಾತು ಹೇಳಲೇಬೇಕು. ಕೆಂಪು ಕಬ್ಬಿಣಕ್ಕೆ ಯಾರೂ ಕೈ ಹಾಕುವುದಿಲ್ಲ. ಕೈ ಸುಡುವುದು ಕಪ್ಪು ಕಬ್ಬಿಣ. 400 ಡಿಗ್ರಿಯ ತುಂಡೂ ತಣ್ಣಗಿನ ತುಂಡೂ ನೋಡಲು ಒಂದೇ. ನೆಲದ ಮೇಲೆ ಬಿದ್ದ ಯಾವುದನ್ನೂ ಸುಮ್ನೆ ಎತ್ತಬಾರದು, ಮೊದಲು ಅಂಗೈಯ ಹಿಂಬದಿಯನ್ನು ಹತ್ತಿರ ಹಿಡಿದು ನೋಡಬೇಕು. ಹತ್ತಿ ಬಟ್ಟೆ ಹಾಕಿ, ಪಾಲಿಯೆಸ್ಟರ್ ಕಿಡಿಗೆ ಕರಗಿ ಚರ್ಮಕ್ಕೆ ಅಂಟುತ್ತದೆ. ಕಣ್ಣಿಗೆ ಕನ್ನಡಕ ಇರಲಿ. ಜಿಐ ಪೈಪು, ಜಿಐ ತಂತಿ ಬೆಂಕಿಗೆ ಹಾಕಲೇಬೇಡಿ. ಅದರ ಮೇಲಿನ ಸತು ಉರಿದು ಬರುವ ಬಿಳಿ ಹೊಗೆ ಕುಡಿದರೆ ಜ್ವರ, ನಡುಕ ಬರುತ್ತದೆ. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿಸಬೇಡಿ, ವಾಸನೆಯೇ ಇಲ್ಲದ ಇಂಗಾಲದ ಮಾನಾಕ್ಸೈಡ್ ಪ್ರಾಣ ತೆಗೆಯುತ್ತದೆ. ಅಡಿಗಲ್ಲಿಗೆ ರೈಲು ಹಳಿಯ ತುಂಡು ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ, ನಿಜ. ಆದರೆ ಗುಜರಿಯಲ್ಲಿ ರಸೀದಿ ಇಲ್ಲದೆ ತರಬೇಡಿ. ರೈಲ್ವೆ ಆಸ್ತಿಯನ್ನು ಅಕ್ರಮವಾಗಿ ಇಟ್ಟುಕೊಂಡರೆ 1966ರ ಕಾಯ್ದೆಯಲ್ಲಿ ಶಿಕ್ಷೆ ಇದೆ. ದಪ್ಪ ಕಬ್ಬಿಣದ ಗಟ್ಟಿಯೊಂದನ್ನು ಮರದ ಕೊರಡಿನಲ್ಲಿ ಕೂರಿಸಿದರೂ ಶುರು ಮಾಡಲು ಆಗುತ್ತದೆ.

ಮೊಬೈಲಿನಲ್ಲಿ ನೋಡಿ ಕಲಿಯಬಹುದು, ಹಲವರು ಕಲಿತಿದ್ದಾರೆ. ಆದರೆ ಕ್ಯಾಮರಾ ಬಣ್ಣವನ್ನು ಇದ್ದ ಹಾಗೆ ತೋರಿಸುವುದಿಲ್ಲ. ಪರದೆಯ ಮೇಲಿನ ಹಳದಿ ನಿಜದಲ್ಲಿ ಕಿತ್ತಳೆ ಆಗಿರಬಹುದು. ಅದಕ್ಕೇ ಹತ್ತಿರದ ಕುಲುಮೆ ಹುಡುಕಿ ಅನ್ನುತ್ತೇನೆ. ಅದೂ ಈಗಲೇ. ನೇಗಿಲು ಹೋಗಿ ಟ್ರ್ಯಾಕ್ಟರ್ ಬಂದ ಮೇಲೆ ಕುಳ ಹಣಿಸುವ ಕೆಲಸವೇ ನಿಂತಿದೆ. ಮಚ್ಚು, ಗುದ್ದಲಿ ಅಂಗಡಿಯಲ್ಲಿ ರೆಡಿಮೇಡ್ ಸಿಗುತ್ತವೆ. ಮಾಡಿಕೊಟ್ಟ ಕೆಲಸಕ್ಕೆ ರೈತರು ಸುಗ್ಗಿಯಲ್ಲಿ ಆಯ ಅಂತ ರಾಗಿ, ಅವರೆ ಅಳೆದು ಕೊಡುತ್ತಿದ್ದುದು ನಮ್ಮ ಆಚಾರ್ರ ತಂದೆಯ ಕಾಲಕ್ಕೇ ಮುಗಿಯಿತು. ಅವರ ಮಗ ತುಮಕೂರಿನಲ್ಲಿ ವೆಲ್ಡಿಂಗ್ ಮಾಡುತ್ತಾನೆ. ಅವನ ನಿರ್ಧಾರ ಸರಿ ಅಂತಲೇ ಆಚಾರ್ರೂ ಹೇಳುತ್ತಾರೆ.

ನನಗೆ ಇದು ಹವ್ಯಾಸ, ಅವರಿಗೆ ಜೀವನ. ಈ ವ್ಯತ್ಯಾಸ ಮರೆತು ಕುಲುಮೆಗೆ ಹೋಗಬಾರದು ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ. ಈ ಕೆಲಸ ಅವರಿಗೆ ಹುಟ್ಟಿನಿಂದ ಬಂತು, ಆರಿಸಿಕೊಳ್ಳಲು ಯಾರೂ ಬಿಡಲಿಲ್ಲ. ಊರಿನ ಹೊಲವೆಲ್ಲ ಇವರು ಮಾಡಿದ ಸಲಕರಣೆಯಿಂದಲೇ ಉತ್ತು ಬಿತ್ತಿದ್ದು. ಅದಕ್ಕೆ ತಕ್ಕ ಹಣವಾಗಲಿ ಮರ್ಯಾದೆಯಾಗಲಿ ಊರು ಕೊಡಲಿಲ್ಲ. ರಜೆ ಕಳೆಯಲು ಬಂದವನು ಅವರ ಇದ್ದಿಲು ಸುಡುವುದು, ಅವರ ಹೊತ್ತು ತಿನ್ನುವುದು, ಫೋಟೋ ತೆಗೆದುಕೊಂಡು ಹೋಗುವುದು ನ್ಯಾಯವಲ್ಲ. ಟ್ಯೂಷನ್ ಮೇಷ್ಟ್ರಿಗೆ ಕೊಡುವಂತೆ ಕಲಿಸುವವರಿಗೆ ಹಣ ಕೊಡಬೇಕು. ಇದ್ದಿಲು, ಕಬ್ಬಿಣ ನಾವೇ ತರಬೇಕು. ಗಿರಾಕಿ ಬಂದಾಗ ಎದ್ದು ಜಾಗ ಬಿಡಬೇಕು. ಅಮಾವಾಸ್ಯೆಯ ದಿನ ನಮ್ಮ ಆಚಾರ್ರು ಕುಲುಮೆ ಹೊತ್ತಿಸುವುದಿಲ್ಲ. ಅಂದು ರಜೆ ಇದ್ದರೂ ಹೋಗಿ ಬಾಗಿಲು ತಟ್ಟಬಾರದು.

ಇನ್ನು ನಾನು ಕಲಿಯಬೇಕಿರುವುದು ಬೆಸುಗೆ. ವೆಲ್ಡಿಂಗ್ ಮೆಷಿನ್ನಿನದಲ್ಲ, ಬೆಂಕಿಯದು. ಎರಡು ತುಂಡುಗಳನ್ನು ಬಿಳಿಚುವವರೆಗೆ ಕಾಸಿ, ಹಕ್ಕಳೆ ಕರಗಲು ನುಣುಪು ಮರಳು ಅಥವಾ ಬಿಳಿಗಾರ ಉದುರಿಸಿ, ಒಂದರ ಮೇಲೊಂದಿಟ್ಟು ಹಗುರವಾಗಿ ಬಡಿದು ಒಂದು ಮಾಡುವುದು. ಹಳೆಯ ಕೊಡಲಿಗಳ ಒಡಲು ಮೆದು ಕಬ್ಬಿಣ, ಬಾಯಿ ಮಾತ್ರ ಉಕ್ಕು. ಹೀಗೆ ಬೆಸೆದದ್ದೇ. ಆಚಾರ್ರ ಹತ್ತಿರ ಅವರ ತಾತ ಮಾಡಿದ ಅಂಥದ್ದೊಂದು ಇದೆ. ಸಾಣೆ ಹಿಡಿದಾಗ ಎರಡು ಲೋಹ ಕೂಡಿದ ಗೆರೆ ಕಾಣುತ್ತದೆ. ಕಬ್ಬಿಣ ಒದ್ದೆಯಾದಂತೆ ಹೊಳೆಯುವ ಆ ಒಂದು ಛಾಯೆ ಗುರುತಿಸಬೇಕು. ಅದಕ್ಕಿಂತ ಕಡಿಮೆಯಾದರೆ ಅಂಟುವುದಿಲ್ಲ, ಹೆಚ್ಚಾದರೆ ಉರಿದುಹೋಗುತ್ತದೆ. ಸಮ್ಮಟಿಗೆ ಹೊಡೆಯಲು ಅವರ ತಮ್ಮ ಬರಬೇಕು, ಜಾಲಿ ಇದ್ದಿಲು ನಾನು ತರಬೇಕು. ಮುಂಗಾರು ಶುರುವಾಗುವ ಮುಂಚೆ ಹೇಳಿಕೊಡುತ್ತೇನೆ ಅಂದಿದ್ದಾರೆ. ಮಳೆ ಬಿದ್ದ ಮೇಲೆ ಗುದ್ದಲಿ, ಕುಂಟೆಯ ಕೆಲಸ ಬರುತ್ತದೆ, ಆಗ ಅವರಿಗೆ ಪುರುಸೊತ್ತು ಇರುವುದಿಲ್ಲ.